ಒಂದು ಹೋಳಿಗೆಗೆ ಲಕ್ಷ ಕೂಪನ್

ಅಮೆರಿಕದ ಡಾಲಸ್ ಪಕ್ಕದ ಕಾಪೆಲ್‌ನಲ್ಲಿ ವೆಂಕಟಗಿರಿಯವರ ಮನೆಗೆ ಊಟಕ್ಕೆ ಹೋದವರು ಹಾಲ್‌ನ ದೊಡ್ಡ ಸೋಫಾದಲ್ಲಿ ಕೂರುವುದಿಲ್ಲ. ಡೈನಿಂಗ್ ಟೇಬಲ್ಲಿನ ಕುರ್ಚಿ ಎಳೆದುಕೊಳ್ಳುತ್ತಾರೆ, ಇಲ್ಲವೇ ಭಾನುಮತಿಯವರಿಗೆ ಸಹಾಯ ಮಾಡುವ ನೆಪದಲ್ಲಿ ಅಡುಗೆಮನೆಯಲ್ಲಿ ನಿಂತೇ ಇರುತ್ತಾರೆ. ಸೋಫಾದ ಎದುರಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಹತ್ತು ಕೋಟಿ ಮಾರ್ಕಿನ ಹಳೆಯ ಜರ್ಮನ್ ನೋಟೊಂದಿದೆ. ಯಾರಾದರೂ ಅದನ್ನು ನೋಡಿ "ಇದೇನು?" ಎಂದು ಕೇಳಿಬಿಟ್ಟರೆ ಆ ದಿನ ಸಾರು ಆರಿತೆಂದೇ ಲೆಕ್ಕ.

ವೆಂಕಟಗಿರಿ ಮೈಸೂರಿನ ಸರಸ್ವತಿಪುರಂನವರು. ಫಾರ್ಮರ್ಸ್ ಬ್ರಾಂಚ್ ಎಂಬ ಪಕ್ಕದ ಊರಿನ ಒಂದು ಆಫೀಸಿನಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಬಹಳ ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದವರಾದ್ದರಿಂದ ಬೇರೆಯವರ ತಪ್ಪು ಅವರಿಗೆ ಬಲು ಬೇಗ ಕಾಣುತ್ತಿತ್ತು. ಒಮ್ಮೆ ಆಸ್ಟಿನ್ನಿನಿಂದಾಚೆ, ಹಿಂದೆ ಜರ್ಮನರು ಬಂದು ನೆಲೆಸಿದ ಒಂದು ಸಣ್ಣ ಊರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಆ ನೋಟನ್ನು ಮೂರು ಡಾಲರ್ ಕೊಟ್ಟು ಕೊಂಡಿದ್ದರು. ಹತ್ತು ಕೋಟಿ ಬರೆದಿರುವ ಕಾಗದ ಮೂರು ಡಾಲರಿಗೆ ಹೇಗೆ ಬಂತು ಎಂಬ ಯೋಚನೆ ಅವರ ತಲೆ ಹೊಕ್ಕಿತು. ಮುಂದೆ ಎಷ್ಟೋ ತಿಂಗಳು ಅವರು ಓದಿದ್ದೆಲ್ಲ ಮೊದಲನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಕಥೆಯನ್ನೇ.

ಅವರು ಸೇರಿದ್ದ ಡಾಲಸ್ ಸಿರಿಗಂಧ ಬಳಗದ ಸಂಕ್ರಾಂತಿ ಕಾರ್ಯಕ್ರಮದಲ್ಲಿ, ಮಕ್ಕಳ ವೇಷಭೂಷಣ ಸ್ಪರ್ಧೆಗೂ ಊಟಕ್ಕೂ ನಡುವೆ ಅವರ ಉಪನ್ಯಾಸ ಇಟ್ಟರು.

"ನೋಟು ಪ್ರಿಂಟ್ ಮಾಡಿದ್ರು, ಬೆಲೆ ಏರಿತು ಅಂತ ಎಲ್ರೂ ಹೇಳ್ತಾರೆ," ಎಂದು ವೆಂಕಟಗಿರಿ ಶುರು ಮಾಡಿದರು. "ಸರಿ. ಆದ್ರೆ ಯಾಕೆ ಪ್ರಿಂಟ್ ಮಾಡಿದ್ರು? ಅವರೇನು ದಡ್ಡರಾ? ಯುದ್ಧಕ್ಕೆ ದುಡ್ಡು ಬೇಕಿತ್ತು. ತೆರಿಗೆ ಹಾಕಿದ್ರೆ ಜನ ಬೈತಾರೆ. ಅದಕ್ಕೆ ಸಾಲ ಎತ್ತಿದ್ರು. ನೋಟಿಗೆ ಚಿನ್ನ ವಾಪಸ್ ಕೊಡೋದನ್ನ ನಿಲ್ಲಿಸಿದ್ರು. ಗೆದ್ದ ಮೇಲೆ ಸೋತವರ ಹತ್ರ ವಸೂಲಿ ಮಾಡೋಣ ಅಂತ ಲೆಕ್ಕ ಹಾಕಿದ್ರು. ಸೋತಿದ್ದು ಅವರೇ! ಗೆದ್ದವರು ಪರಿಹಾರ ಕೇಳಿದ್ರು, ಅದೂ ಚಿನ್ನದಲ್ಲಿ, ಹೊರದೇಶದ ಹಣದಲ್ಲಿ. ಕಂತು ತಪ್ಪಿದಾಗ ಫ್ರಾನ್ಸಿನವರು ಬಂದು ಕಲ್ಲಿದ್ದಲ ಸೀಮೆಯಲ್ಲೇ ಕೂತರು. ಜರ್ಮನ್ ಸರ್ಕಾರ ಕೆಲಸಗಾರರಿಗೆ, ಕೆಲಸ ಮಾಡಬೇಡಿ, ಸಂಬಳ ನಾವು ಕೊಡ್ತೀವಿ ಅಂತು. ಎಲ್ಲಿಂದ ಕೊಡೋದು? ಪ್ರಿಂಟ್! ಸಾಮಾನು ಕಡಿಮೆ, ನೋಟು ಜಾಸ್ತಿ. ಕೊನೆಗೆ ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿ ಮಾರ್ಕ್!"

ಹಿಂದಿನ ಸಾಲಿನಿಂದ ಯಾರೋ ಜೋರಾಗಿ ಚಪ್ಪಾಳೆ ತಟ್ಟಿದರು. ಊಟಕ್ಕೆ ಎಲೆ ಹಾಕುತ್ತಿರುವುದು ಅವರಿಗೆ ಕಂಡಿತ್ತು. ಬಳಗದ ಅಧ್ಯಕ್ಷ ದೊಡ್ಡಣ್ಣನವರು ಮಾತ್ರ ನಿಜಕ್ಕೂ ಮೆಚ್ಚಿಕೊಂಡರು. ಗದಗಿನ ಕಡೆಯವರು, ಎತ್ತರದ ಆಳು, ಎತ್ತರದ ದನಿ.

"ವೆಂಕಟಗಿರಿಯವರ, ರೊಕ್ಕದ ಬಗ್ಗೆ ಇಷ್ಟು ತಿಳಕೊಂಡಾವ್ರು ನಮ್ಮಾಗ ಯಾರದಾರ್ರಿ? ಈ ವರ್ಷ ಖಜಾಂಚಿ ನೀವ ಆಗಬೇಕ್ರಿ," ಎಂದರು. ಆ ಹುದ್ದೆಗೆ ಬೇರೆ ಯಾರೂ ನಿಂತಿರಲಿಲ್ಲ. ವೆಂಕಟಗಿರಿ ಅವಿರೋಧವಾಗಿ ಆಯ್ಕೆಯಾದರು.

ಬಳಗದ ಹಣಕಾಸು ಬಲು ಸರಳ. ಹತ್ತು ಡಾಲರ್ ಕೊಟ್ಟರೆ ಹಸಿರು ಬಣ್ಣದ ಒಂದು ಊಟದ ಕೂಪನ್. ತಿಂಗಳ ಕಾರ್ಯಕ್ರಮದಲ್ಲಿ ಅದಕ್ಕೊಂದು ಹೋಳಿಗೆ ಊಟ. ಬೇಡವೆನಿಸಿದರೆ ಕೂಪನ್ ಹಿಂದಿರುಗಿಸಿ ಹತ್ತು ಡಾಲರ್ ವಾಪಸ್ ಪಡೆಯಬಹುದು. ಇಷ್ಟು ನಂಬಿಕೆಯ ಕಾಗದವಾದ್ದರಿಂದ ಅದು ಕೈಯಿಂದ ಕೈಗೂ ಓಡಾಡುತ್ತಿತ್ತು. ಪಕ್ಕದ ಮನೆಯ ಮಕ್ಕಳನ್ನು ಭರತನಾಟ್ಯ ಕ್ಲಾಸಿಗೆ ಬಿಟ್ಟುಬಂದರೆ ಒಂದು ಕೂಪನ್, ಊರಿಗೆ ಹೋದವರ ಗಿಡಗಳಿಗೆ ವಾರವಿಡೀ ನೀರು ಹಾಕಿದರೆ ಎರಡು. ತುಮಕೂರಿನಿಂದ ಓದಲು ಬಂದಿದ್ದ ಸಮೀಕ್ಷಾ ಎಂಬ ಹುಡುಗಿ ಯೂನಿವರ್ಸಿಟಿಯಲ್ಲಿ ಪಾಠಕ್ಕೆ ಸಹಾಯ ಮಾಡಿ ಗಳಿಸಿದ್ದರಲ್ಲಿ ಇಡೀ ವರ್ಷಕ್ಕಾಗುವಷ್ಟು ಕೂಪನ್ನನ್ನು ಸಂಕ್ರಾಂತಿಯ ದಿನವೇ ಕೊಂಡಿದ್ದಳು. ಕ್ಯಾಂಟೀನಿನ ಪಾಸ್ತಾ ತಿಂದು ಬೇಸತ್ತಾಗ ಕೈಯಲ್ಲೊಂದು ಭದ್ರತೆ ಇರಲಿ ಎಂದು.

ಆಗ ಯುದ್ಧ ಶುರುವಾಯಿತು.

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಸೇರಿ ನಡೆಸುವ ಮಹಾಮೇಳವನ್ನು ಆ ವರ್ಷ ಯಾರು ಮಾಡಬೇಕು ಎಂಬುದೇ ಜಗಳ. ಮೇಳ ಮಾಡಿದ ಊರಿಗೆ ಪ್ರಾಯೋಜಕರ ಹಣ, ವೇದಿಕೆಯ ಮೇಲೆ ನಡುಕುರ್ಚಿ. ಡಾಲಸ್ ಒಂದು ಕಡೆ, ಹ್ಯೂಸ್ಟನ್ ಒಂದು ಕಡೆ, ನಡುವೆ ಆಸ್ಟಿನ್ನಿನವರ ಮತ. ಆಸ್ಟಿನ್ನಿನವರನ್ನು ಒಲಿಸಲು ದೊಡ್ಡಣ್ಣ ವಾರವಾರವೂ ಅಲ್ಲಿಗೆ ಹೋಳಿಗೆ ಊಟ ಸಾಗಿಸತೊಡಗಿದರು. ಹ್ಯೂಸ್ಟನ್ನಿನವರೂ ಸುಮ್ಮನಿರಲಿಲ್ಲ. ಆ ವಸಂತದಲ್ಲಿ ಆಸ್ಟಿನ್ನಿನ ಕನ್ನಡಿಗರು ಮನೆಯಲ್ಲಿ ಒಲೆ ಹಚ್ಚಿದ್ದೇ ಅಪರೂಪ.

"ಇದಕ್ಕೆ ದುಡ್ಡು ಬೇಕಲ್ಲ, ಚಂದಾ ಜಾಸ್ತಿ ಮಾಡೋಣ," ಎಂದರು ವೆಂಕಟಗಿರಿ.

"ಚಂದಾ ಏರಿಸಿದ್ರ ಜನ ನಮ್ಮನ್ನ ಏರಿಸ್ತಾರ್ರಿ, ಹೆಗಲ ಮ್ಯಾಲಲ್ಲ," ಎಂದರು ದೊಡ್ಡಣ್ಣ. "ಅಡಿಗಿ ಮಾಡಾವ್ರಿಗೆ, ಗಾಡಿ ಓಡ್ಸಾವ್ರಿಗೆ ಕೂಪನ್ ಕೊಡ್ರಿ. ಗೆದ್ವಿ ಅಂದ್ರ ಈ ಖರ್ಚೆಲ್ಲಾ ಹ್ಯೂಸ್ಟನ್ನವ್ರ ಕಡಿಂದ ವಸೂಲ್ ಮಾಡೋಣಂತ."

"ಆದ್ರೆ ಎಲ್ರೂ ಒಟ್ಟಿಗೆ ಬಂದು ಡಾಲರ್ ವಾಪಸ್ ಕೇಳಿದ್ರೆ?"

"ಮೇಳ ನಮಗ ಸಿಗೂತನ ವಾಪಸ್ ಇಲ್ಲ ಅಂತ ಒಂದು ಮೆಸೇಜ್ ಹಾಕ್ರಿ. ಊರ ಮಾನದ ಪ್ರಶ್ನೆ, ಯಾರೂ ಕೇಳಂಗಿಲ್ಲ."

ಇದು ತಾತ್ಕಾಲಿಕ ವ್ಯವಸ್ಥೆ ಎಂದು ವೆಂಕಟಗಿರಿಗೆ ಅನ್ನಿಸಿತು. ಮೆಸೇಜ್ ಹಾಕಿದರು. ಯಾರೂ ಕೇಳಲಿಲ್ಲ. ಮನೆಯ ಕಲರ್ ಪ್ರಿಂಟರಿನಲ್ಲಿ ಮೊದಲ ಕಂತೆ ಹೊರಬಂದಾಗ ಹೈಸ್ಕೂಲ್ ಓದುತ್ತಿದ್ದ ಮಗಳು ನಿಖಿತಾ ಇಣುಕಿ ನೋಡಿ, "ಅಪ್ಪಾ, ಆರ್ ಯೂ ಅಲೌಡ್ ಟು ಡೂ ದಿಸ್?" ಎಂದಳು. ಖಜಾಂಚಿಗೆ ಅಧಿಕಾರ ಇದೆ ಎಂದು ಅಪ್ಪ ಕನ್ನಡದಲ್ಲಿ ಉತ್ತರ ಕೊಟ್ಟರು.

ಅದೇ ಸಮಯಕ್ಕೆ ಬಳಗದ ಸದಸ್ಯ ಮಹಾಬಲೇಶ್ವರ ಬಂದರು. ಮನೆ ಮಾರಿಸುವ ವ್ಯವಹಾರ ಅವರದು. ತಮ್ಮ ಗಿರಾಕಿಗಳಿಗೆಲ್ಲ ಭರ್ಜರಿ ಊಟ ಹಾಕಿಸಬೇಕಿತ್ತು. ಎಂಟುನೂರು ಕೂಪನ್ ಸಾಲ ಕೇಳಿದರು, "ವರ್ಷದ ಕೊನೇಲಿ ಎಂಟುನೂರೂ ಎಣಿಸಿ ವಾಪಸ್ ಕೊಡ್ತೀನಿ ಸರ್," ಎಂದರು. ಅಷ್ಟು ಪ್ರಾಮಾಣಿಕ ಮುಖಕ್ಕೆ ಇಲ್ಲ ಎನ್ನಲಾಗಲಿಲ್ಲ. ಎಂಟುನೂರು ಜನ ಹೋಳಿಗೆ ತಿಂದು ಹೋದರು.

ಮೇ ತಿಂಗಳಲ್ಲಿ ಮತದಾನ ಆಯಿತು. ಆಸ್ಟಿನ್ನಿನವರು ಎರಡೂ ಕಡೆಯ ಊಟ ಉಂಡು, ಹ್ಯೂಸ್ಟನ್ನಿಗೆ ಮತ ಹಾಕಿದರು. ಅವರ ಹೋಳಿಗೆಯಲ್ಲಿ ತುಪ್ಪ ಜಾಸ್ತಿ ಇತ್ತಂತೆ.

ರಾಜಿ ಮಾತುಕತೆ ಆಸ್ಟಿನ್ನಿನ ಒಂದು ಹೋಟೆಲಿನ ಹಿಂಬದಿಯ ಕೋಣೆಯಲ್ಲಿ. ಆ ಬೆಳಿಗ್ಗೆ ದೊಡ್ಡಣ್ಣನವರಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಸಹಿ ಮಾಡಲು ವೆಂಕಟಗಿರಿ ಒಬ್ಬರೇ ಡ್ರೈವ್ ಮಾಡಿಕೊಂಡು ಹೋದರು. ಹ್ಯೂಸ್ಟನ್ನಿನ ಮುಖಂಡ ವೆಂಕಣ್ಣ ಅಲ್ಲಿನ ಕ್ಲಿಯರ್ ಲೇಕ್ ಬಡಾವಣೆಯ ಎಂಜಿನಿಯರ್. ನಗುವಾಗಲೂ ಹಲ್ಲನ್ನು ಅಳತೆ ಮಾಡಿ ತೋರಿಸುವಂಥ ಮನುಷ್ಯ.

"ಪೋಟಿಯ ಖರ್ಚೆಲ್ಲ ನಿಮ್ಮಿಂದಲೇ ಆದದ್ದು ಅಂತ ಮೊದಲನೇ ಕಲಮು. ನಮಗೆ ಹನ್ನೆರಡು ಸಾವಿರ, ಕಂತಿನಲ್ಲಿ ಕೊಡಿ ಅಂತ ಎರಡನೇದು," ಎಂದು ವೆಂಕಣ್ಣ ಹಾಳೆ ಮುಂದಿಟ್ಟರು.

"ನಮ್ಮ ಕೂಪನ್ ತಗೋತೀರಾ?"

"ನಿಮ್ಮ ಕೂಪನ್ ನಿಮ್ಮಲ್ಲೇ ಇರಲಿ ಸಾರ್. ಡಾಲರ್ ಕೊಡಿ."

"ಸಹಿ ಹಾಕದಿದ್ರೆ?"

"ಮೇಳದಲ್ಲಿ ಡಾಲಸ್ ಮಕ್ಕಳ ಡ್ಯಾನ್ಸಿಗೆ ಟೈಮ್ ಸಿಗೋದು ಕಷ್ಟ ಆಗಬಹುದು."

ವೆಂಕಟಗಿರಿಗೆ ಆ ಡ್ಯಾನ್ಸಿಗೆ ಬೆಂಗಳೂರಿನಿಂದ ಲಂಗ ತರಿಸಿಟ್ಟುಕೊಂಡಿದ್ದ ತಾಯಂದಿರ ಮುಖಗಳು ಕಣ್ಣ ಮುಂದೆ ಬಂದವು. ಸಹಿ ಹಾಕಿದರು.

ಮೊದಲ ಕಂತಿಗೆ ಬಳಗದಲ್ಲಿದ್ದ ಡಾಲರೆಲ್ಲ ಹೋಯಿತು. ಎರಡನೆಯದಕ್ಕೆ ಡಾಲರ್ ಹುಟ್ಟಿಸಲು ವೆಂಕಟಗಿರಿ ಒಂದು ಆಫರ್ ಬಿಟ್ಟರು: ಹತ್ತು ಡಾಲರಿಗೆ ಎರಡು ಕೂಪನ್! ಜನ ಮುಗಿಬಿದ್ದರು. ಮುಂದಿನ ತಿಂಗಳು ಐದು ಕೊಟ್ಟರೂ ಅಷ್ಟು ಜನ ಬರಲಿಲ್ಲ. ಪಕ್ಕದ ಊರು ಅರ್ವಿಂಗ್‌ನಲ್ಲಿ ಕೇಟರಿಂಗ್ ನಡೆಸುತ್ತಿದ್ದ, ಬಳಗಕ್ಕೆ ಹೋಳಿಗೆ ಮಾಡಿಸುತ್ತಿದ್ದ ಹೊನ್ನಮ್ಮ ಫೋನ್ ಮಾಡಿದರು.

"ಅಲ್ಲ ಸಾರ್, ಬೇಳೆ ಅಂಗಡಿಯವನು ಈ ಹಸಿರು ಕಾಗದ ತಗೊಳ್ಳಲ್ಲ ಅಂತಾನೆ. ನಾನೇನು ಒಗ್ಗರಣೆಗೆ ಹಾಕಲಾ?"

"ಈ ತಿಂಗಳು ಇನ್ನೂ ಸ್ವಲ್ಪ ಜಾಸ್ತಿ ಕೂಪನ್ ಕೊಡ್ತೀನಮ್ಮ."

"ಎಷ್ಟು ಜಾಸ್ತಿ?"

"ನೀವು ಹೇಳಿದಷ್ಟು."

ಹೊನ್ನಮ್ಮ ಹೇಳಿದಷ್ಟು ಅವರು ಕೊಟ್ಟರು. ಕೊಟ್ಟಷ್ಟೂ ಹೊನ್ನಮ್ಮ ಹೆಚ್ಚು ಹೇಳಿದರು. ಜುಲೈ ಮುಗಿಯುವ ಹೊತ್ತಿಗೆ ಒಂದು ಊಟಕ್ಕೆ ನಲವತ್ತು ಕೂಪನ್.

ಆಗಸ್ಟಿನಲ್ಲಿ ಕಂತು ತಪ್ಪಿತು. ಒಂದು ಭಾನುವಾರ ವೆಂಕಣ್ಣ ಬಾಡಿಗೆ ಟ್ರಕ್ ತಂದು, ಡಾಲಸ್ ಬಳಗದ ಗೋದಾಮು ತೆಗೆಸಿ, ದೊಡ್ಡ ಕೊಪ್ಪರಿಗೆಗಳು, ಹೋಳಿಗೆ ಹೆಂಚುಗಳು, ಗ್ಯಾಸ್ ಒಲೆ ಎಲ್ಲವನ್ನೂ ಹೇರಿಕೊಂಡು ಹೋದರು. ಜಾಮೀನಂತೆ. ಗೋದಾಮಿನ ಒಂದೊಂದು ಬೀಗದ ಕೈ ಮೂರೂ ಊರಿನವರ ಬಳಿ ಇತ್ತು. ಸೌಹಾರ್ದದ ಕಾಲದಲ್ಲಿ ಮಾಡಿಕೊಂಡ ಏರ್ಪಾಡು.

ದೊಡ್ಡಣ್ಣ ಕೆಂಡವಾದರು. ತುರ್ತು ಸಭೆ ಸೇರಿಸಿ, "ನಮ್ಮ ಕೊಪ್ಪರಿಗಿ ವಾಪಸ್ ಬರೂತನ ಡಾಲಸ್‌ದಾಗ ಯಾರೂ ಒಲಿ ಹಚ್ಚಬ್ಯಾಡ್ರಿ! ಅಸಹಕಾರ! ಅಡಿಗಿಯವ್ರ ಕೂಲಿ ಬಳಗ ಕೊಡತೈತಿ!" ಎಂದು ಘೋಷಿಸಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಡುಗೆಯವರು ಇನ್ನೂ ಜೋರಾಗಿ ತಟ್ಟಿದರು. ವೆಂಕಟಗಿರಿಯೂ ತಟ್ಟಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು.

ಹೀಗೆ ಡಾಲಸ್ಸಿನಲ್ಲಿ ಹೋಳಿಗೆ ನಿಂತಿತು, ಹೋಳಿಗೆ ಮಾಡದಿದ್ದುದಕ್ಕೆ ಕೂಲಿ ಮಾತ್ರ ನಿಲ್ಲಲಿಲ್ಲ. ಕೂಪನ್ ಕೈಗೆ ಬಂದವರು ಮನೆಗೂ ಹೋಗದೆ, ಯಾರಾದರೂ ಇಟ್ಟುಕೊಂಡಿದ್ದ ಉಪ್ಪಿನಕಾಯಿ, ಚಕ್ಕುಲಿ, ಮಡಚುವ ಕುರ್ಚಿ, ಸಿಕ್ಕಿದ್ದನ್ನು ಕೊಂಡುಬಿಡುತ್ತಿದ್ದರು. ಬೆಳಗಿನ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ಭರತನಾಟ್ಯದ ಟೀಚರು ಫೀಸಿಗೆ ಬದಲು ತರಕಾರಿ ತನ್ನಿ ಎಂದರು. ಊಟಕ್ಕೆ ಸಾವಿರ ಆದಾಗ ವೆಂಕಟಗಿರಿ ಹಳೆಯ ಕೂಪನ್ನುಗಳ ಮೇಲೆ ರಬ್ಬರ್ ಸ್ಟಾಂಪಿನಿಂದ ಸೊನ್ನೆ ಒತ್ತತೊಡಗಿದರು, ಯಾಕೆಂದರೆ ಪ್ರಿಂಟರಿನ ಇಂಕಿನ ಬೆಲೆ ಅದು ಮುದ್ರಿಸುತ್ತಿದ್ದ ಕೂಪನ್ನಿನ ಬೆಲೆಯನ್ನು ಮೀರಿತ್ತು.

ಆಶ್ಚರ್ಯವೆಂದರೆ ಅವರು ಆಗ ಬಹಳ ಉತ್ಸಾಹದಲ್ಲಿದ್ದರು. ಬೆಲೆ ಏರುತ್ತಿದ್ದುದರಿಂದ ಎಲ್ಲರೂ ಕೂಪನ್ ಸಾಲದು ಎಂದು ದೂರುತ್ತಿದ್ದರು. ದೂರು ಬಂದರೆ ಪರಿಹರಿಸುವುದು ಅವರ ಸ್ವಭಾವ. ವಾಟ್ಸಾಪ್ ಗುಂಪಿನಲ್ಲಿ ಅವರ ಸಂದೇಶ ಬಂತು: "ಆತ್ಮೀಯರೇ, ಈ ವಾರದಿಂದ ಎರಡು ಪ್ರಿಂಟರುಗಳು ಕಾರ್ಯನಿರ್ವಹಿಸಲಿವೆ. ಕೂಪನ್ ಕೊರತೆ ಶೀಘ್ರದಲ್ಲೇ ನೀಗಲಿದೆ ಎಂದು ತಿಳಿಸಲು ಹರ್ಷಿಸುತ್ತೇನೆ." ಅದಕ್ಕೆ ಹೂಗುಚ್ಛದ ಚಿತ್ರಗಳು, ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು.

"ರೀ, ಎರಡನೇ ಪ್ರಿಂಟರ್ ನಮ್ಮ ದುಡ್ಡಲ್ಲಿ ತಂದ್ರಾ?" ಎಂದು ಭಾನುಮತಿ ಕೇಳಿದರು.

"ಬಳಗ ವಾಪಸ್ ಕೊಡುತ್ತೆ ಭಾನು."

"ಯಾವುದರಲ್ಲಿ?"

ವೆಂಕಟಗಿರಿಗೆ ಆಫೀಸಿನಿಂದ ಕರೆ ಬಂತು, ಅಥವಾ ಬಂದಂತೆ ಮಾಡಿದರು.

ದಸರೆಯ ಹೊತ್ತಿಗೆ ಮಹಾಬಲೇಶ್ವರ ಸಾಲ ತೀರಿಸಲು ಬಂದರು. ಎಂಟುನೂರು ಕೂಪನ್ ಎಣಿಸಿ ಕೊಟ್ಟು, ಕೈ ಕುಲುಕಿ, "ಲೆಕ್ಕ ಚುಕ್ತಾ ಆಯ್ತಲ್ಲ ಸರ್?" ಎಂದರು. ಅಂದು ಹೊರಗಡೆ ಕದ್ದು ಮಾರುವ ಒಂದು ಹೋಳಿಗೆಗೆ ಲಕ್ಷ ಕೂಪನ್ ನಡೆಯುತ್ತಿತ್ತು. ಎಂಟುನೂರಕ್ಕೆ ಹೋಳಿಗೆಯ ಕಣಕದ ಅಂಚೂ ಬರುತ್ತಿರಲಿಲ್ಲ. ಆದರೂ ವೆಂಕಟಗಿರಿ ಚುಕ್ತಾ ಎಂದು ರಸೀದಿ ಬರೆದುಕೊಟ್ಟರು. ಎಂಟುನೂರು ಅಂದರೆ ಎಂಟುನೂರೇ ತಾನೇ.

ಅದಾದ ಮೂರನೆಯ ದಿನ, ಶನಿವಾರ ಮಧ್ಯಾಹ್ನ, ಭಾನುಮತಿ ಬೊಂಬೆ ಕೂರಿಸಿದ್ದುದನ್ನು ನೋಡುವ ನೆಪದಲ್ಲಿ ಸಮೀಕ್ಷಾ ಬಂದಳು. ಅವಳಿಗೆ ಈ ಮನೆ ಹೊಸದು, ಸೀದಾ ಹೋಗಿ ಸೋಫಾದ ಮೇಲೆ ಕೂತಳು. ಬ್ಯಾಗಿನಿಂದ ಸಂಕ್ರಾಂತಿಯ ಕೂಪನ್ನುಗಳನ್ನು ತೆಗೆದು ಟೀಪಾಯಿಯ ಮೇಲಿಟ್ಟಳು. ರಬ್ಬರ್ ಬ್ಯಾಂಡ್ ಹಾಕಿದ ಹಾಗೇ ಇದ್ದವು.

"ಅಂಕಲ್, ಇದನ್ನ ವಾಪಸ್ ತಗೊಂಡು ಡಾಲರ್ ಕೊಡೋಕಾಗುತ್ತಾ? ಈ ತಿಂಗಳು ರೆಂಟಿಗೆ ಸ್ವಲ್ಪ ಕಡಿಮೆ ಬಿದ್ದಿದೆ."

"ವಾಪಸ್ ನಿಂತಿದೆಯಲ್ಲಮ್ಮ. ಊಟ ಬೇಕಾದ್ರೆ ತಗೋಬಹುದು."

"ಊಟಾನೂ ನಿಂತಿದೆ ಅಂಕಲ್. ಹೊನ್ನಮ್ಮ ಆಂಟಿ ಹತ್ರ ಹೋಗಿದ್ದೆ. ಇಷ್ಟಕ್ಕೆ ಒಂದು ವಡೆನೂ ಬರಲ್ಲ ಅಂದ್ರು. ಪಾಪ, ಸುಮ್ನೆ ಒಂದು ವಡೆ ಕೊಟ್ರು."

ವೆಂಕಟಗಿರಿ ವಿವರಿಸಲು ಶುರು ಮಾಡಿದರು. "ನೋಡು ಸಮೀಕ್ಷಾ, ಇದಕ್ಕೆಲ್ಲ ಹ್ಯೂಸ್ಟನ್ನವರು ಡಾಲರ್ ಕೇಳಿದ್ದು ಕಾರಣ. ಆಮೇಲೆ ಅವರು ಕೊಪ್ಪರಿಗೆ ತಗೊಂಡು ಹೋದ್ರು. ಅದಕ್ಕೆ ನಾವು ಅಸಹಕಾರ…"

"ನೀವೇ ಅಲ್ವಾ ಅಂಕಲ್, ಸಂಕ್ರಾಂತಿ ದಿನ ಜರ್ಮನಿ ಬಗ್ಗೆ ಹೇಳಿದ್ದು?" ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದಂತಿತ್ತು. "ನನಗೆ ತುಂಬಾ ಇಷ್ಟ ಆಗಿತ್ತು. ಇಷ್ಟೆಲ್ಲ ಗೊತ್ತಿರೋರು ನೋಡ್ಕೊಳ್ತಾರೆ ಅಂತಾನೇ ಅವತ್ತು ವರ್ಷದ್ದೆಲ್ಲ ಒಟ್ಟಿಗೆ ಕೊಂಡೆ."

ವೆಂಕಟಗಿರಿ ಎದುರಿನ ಗೋಡೆಯ ನೋಟಿನತ್ತ ನೋಡಿದರು. ಒಳಗಿನ ಕೋಣೆಯಿಂದ ಎರಡು ಪ್ರಿಂಟರುಗಳ ಸದ್ದು ಕೇಳುತ್ತಿತ್ತು. ಚಂದಾ ಏರಿಸದೆ ಸಾಲ, ವಾಪಸ್ ನಿಲ್ಲಿಸಿದ್ದು, ಗೆದ್ದು ವಸೂಲಿ ಮಾಡುವ ಲೆಕ್ಕ, ತಾವು ಮುದ್ರಿಸಲಾಗದ ಹಣದಲ್ಲಿ ಕಟ್ಟಬೇಕಾದ ಪರಿಹಾರ, ಕೆಲಸ ಮಾಡದವರಿಗೆ ಕೂಲಿ. ಬೇರೆಯವರ ತಪ್ಪಾಗಿದ್ದರೆ ಮೊದಲನೇ ವಾರದಲ್ಲೇ ಹಿಡಿಯುತ್ತಿದ್ದರು. ಒಂದೊಂದು ಸಲವೂ ಆ ಕ್ಷಣಕ್ಕೆ ಅದೇ ಸರಿ ಅನ್ನಿಸಿತ್ತು. ಬರ್ಲಿನ್ನಿನಲ್ಲಿದ್ದವರಿಗೂ ಹಾಗೇ ಅನ್ನಿಸಿರಬೇಕು. ಅವರನ್ನು ಇಷ್ಟು ವರ್ಷ ಊಟದ ಹೊತ್ತಿನಲ್ಲಿ ಎಷ್ಟು ಬೈದಿದ್ದರು!

ಭಾನುಮತಿ ಕೋಸಂಬರಿ ತಂದು ಸಮೀಕ್ಷಾಳ ಕೈಗೆ ಕೊಟ್ಟರು. ಗಂಡನ ಮುಖ ನೋಡಿ, ಒಳಗೆ ಹೋಗಿ ಎರಡೂ ಪ್ರಿಂಟರಿನ ಸ್ವಿಚ್ ಆರಿಸಿ ಬಂದರು.

ಮುಂದಿನ ಮೂರು ವಾರ ವೆಂಕಟಗಿರಿ ಮಾಡಿದ್ದು ಬಹಳ ಅಪ್ರಿಯವಾದ ಕೆಲಸ. ಕೆಲಸವಿಲ್ಲದ ಕೂಲಿ ನಿಲ್ಲಿಸಿದರು. ಚಂದಾ ಏರಿಸಿದರು. ಒಂದು ಲಕ್ಷ ಹಳೆಯದಕ್ಕೆ ಒಂದರಂತೆ 'ಹೊಸ ಸಿರಿ' ಎಂಬ ಹಳದಿ ಕೂಪನ್ ತಂದರು. ಇಷ್ಟೇ ಸಂಖ್ಯೆ, ಇದಕ್ಕಿಂತ ಒಂದೂ ಹೆಚ್ಚು ಇಲ್ಲ ಎಂದು ಸಾರಿದರು. ಪ್ರತಿ ಕೂಪನ್ನಿಗೂ ಆಧಾರವಾಗಿ ತಮ್ಮ ಗ್ಯಾರೇಜಿನಲ್ಲಿ ಸೋನಾ ಮಸೂರಿ ಅಕ್ಕಿ ಇದೆ ಎಂದೂ ಹೇಳಿದರು. ಅಕ್ಕಿ ಇದ್ದದ್ದು ನಿಜ. ಭಾನುಮತಿ ದಿನವೂ ಅದರಿಂದಲೇ ಅನ್ನ ಮಾಡುತ್ತಿದ್ದುದೂ ನಿಜ. ಯಾರೂ ಬಂದು ಮೂಟೆ ಎಣಿಸಲಿಲ್ಲ. ಹಳದಿ ಕೂಪನ್ನಿನ ಬೆಲೆ ಸ್ಥಿರವಾಗಿ ನಿಂತಿತು.

ಕಂತಿನ ಸಮಸ್ಯೆಯನ್ನು ಆಸ್ಟಿನ್ನಿನವರು ಬಿಡಿಸಿದರು. ಅವರು ಡಾಲಸ್ಸಿಗೆ ಡಾಲರ್ ಸಾಲ ಕೊಟ್ಟರು. ಡಾಲಸ್ ಅದನ್ನು ಹ್ಯೂಸ್ಟನ್ನಿಗೆ ಕಟ್ಟಿತು. ಹ್ಯೂಸ್ಟನ್ ಅದನ್ನು ಮೇಳದ ಶಾಮಿಯಾನದ ಬಾಡಿಗೆಯೆಂದು ಆಸ್ಟಿನ್ನಿಗೆ ಕೊಟ್ಟಿತು. ಹಣ ಒಂದು ಸುತ್ತು ಹೊಡೆದು ಹೊರಟಲ್ಲಿಗೇ ಬಂತು, ಮೂರೂ ಊರಿನವರಿಗೆ ತಾವೇ ಉದಾರಿಗಳೆಂಬ ತೃಪ್ತಿ ಸಿಕ್ಕಿತು. ಕೊಪ್ಪರಿಗೆಗಳೂ ವಾಪಸ್ ಬಂದವು. ಮೇಳದಷ್ಟು ಜನಕ್ಕೆ ಹೋಳಿಗೆ ಮಾಡುವಷ್ಟು ಕೈಗಳು ಹ್ಯೂಸ್ಟನ್ನಿನಲ್ಲಿ ಇರಲಿಲ್ಲವಂತೆ, ಆ ಕೆಲಸ ಡಾಲಸ್ಸಿನವರಿಗೇ ಬಂತು.

ರಾಜ್ಯೋತ್ಸವದ ದಿನ ಬಳಗದ ವಾರ್ಷಿಕ ಸಭೆ. ದೊಡ್ಡಣ್ಣ ಮೈಕ್ ಹಿಡಿದು, ನಮ್ಮ ಉಳಿತಾಯ ಕರಗಿದ್ದು ಹ್ಯೂಸ್ಟನ್ನಿನ ದುರಾಸೆಯಿಂದ, ಆಸ್ಟಿನ್ನಿನ ದ್ರೋಹದಿಂದ, "ಮತ್ತ ಹಿಂದ ಮುಂದ ನೋಡದ ಸಹಿ ಹಾಕಿದ ಕೆಲವರಿಂದ" ಎಂದರು. ಸಭೆ ತಲೆದೂಗಿತು. ವೆಂಕಟಗಿರಿ ಎದ್ದರು.

"ಹ್ಯೂಸ್ಟನ್ನವರು ಡಾಲರ್ ಕೇಳಿದ್ದು ನಿಜ. ಆದ್ರೆ ಪ್ರಿಂಟ್ ಮಾಡು ಅಂತ ಅವರು ಹೇಳಲಿಲ್ಲ. ಅದನ್ನ ಮಾಡಿದ್ದು ನಾನು. ಚಂದಾ ಏರಿಸೋಕೆ ಧೈರ್ಯ ಇರಲಿಲ್ಲ ನಮಗೆ. ಸೋತಿದ್ದೀವಿ ಅಂತ ಒಪ್ಪೋಕೂ ಇರಲಿಲ್ಲ. ಆ ಎರಡಕ್ಕೂ ಬದಲಾಗಿ ಕೂಪನ್ ಹಂಚಿದೆ. ಅದರ ಪೂರಾ ಬಿಲ್ಲು ಕಟ್ಟಿದೋರು, ನಮ್ಮನ್ನ ನಂಬಿ ಮೊದಲೇ ದುಡ್ಡು ಕೊಟ್ಟ, ಸಮೀಕ್ಷಾ ತರದ ಓದೋ ಹುಡುಗರು."

ಹಿಂದಿನ ಸಾಲಿನಿಂದ ಯಾರೋ, "ಊಟಕ್ಕೆ ಲೇಟಾಗ್ತಿದೆ," ಎಂದರು. ಚುನಾವಣೆ ನಡೆಯಿತು. ದೊಡ್ಡಣ್ಣ ಅವಿರೋಧವಾಗಿ ಮತ್ತೆ ಅಧ್ಯಕ್ಷರಾದರು. ಈ ಕಷ್ಟಕಾಲದಲ್ಲೂ ಸಾಲ ಪೂರ್ತಿ ತೀರಿಸಿದ ಏಕೈಕ ಸದಸ್ಯನೆಂಬ ಹೆಗ್ಗಳಿಕೆಯಿಂದ ಮಹಾಬಲೇಶ್ವರ ಖಜಾಂಚಿಯಾದರು.

ವಿದ್ಯಾರ್ಥಿಗಳು ಬಳಗ ಬಿಟ್ಟರು. ಅವರಲ್ಲೊಬ್ಬ, ದರ್ಶನ್ ಎಂಬ ದೊಡ್ಡ ದನಿಯ ಹುಡುಗ, ಬೇರೆಯೇ ಗುಂಪು ಕಟ್ಟಿ ಪಾರ್ಕಿನಲ್ಲಿ ಭಾಷಣ ಮಾಡತೊಡಗಿದ್ದಾನೆ. ಹ್ಯೂಸ್ಟನ್ನಿನ ಹೆಸರು ಬಂದಾಗಲೆಲ್ಲ ಅಲ್ಲಿ ಶಿಳ್ಳೆ ಬೀಳುತ್ತದಂತೆ. ಸಮೀಕ್ಷಾ ಅಲ್ಲಿಗೂ ಹೋಗುವುದಿಲ್ಲ. ಭಾನುಮತಿ ಅವಳಿಗೆ ಫೋನ್ ಮಾಡಿ ಶನಿವಾರದ ಊಟಕ್ಕೆ ಕರೆದಿದ್ದರು. ಮೊದಲ ವಾರ ಸಂಕೋಚದಿಂದ ಬಂದಳು. ಎರಡನೇ ವಾರ ಇಬ್ಬರು ಗೆಳತಿಯರನ್ನು ಕರೆತಂದಳು. ಈಗ ಶನಿವಾರ ಬಂತೆಂದರೆ ಮನೆಯ ಮುಂದೆ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಊಟ ಹಾಕಿದ ಮಾತ್ರಕ್ಕೆ ಹುಡುಗರ ದುಡ್ಡು ವಾಪಸ್ ಬಂದಂತಾಗಲಿಲ್ಲ ಎಂಬುದು ವೆಂಕಟಗಿರಿಗೆ ಗೊತ್ತು. ಅದಕ್ಕೇ ಬಡಿಸುವಾಗ ಮಾತು ಕಡಿಮೆ.

ಮೊನ್ನೆ ಶನಿವಾರ ಅವರು ಅನ್ನ ಬಡಿಸುತ್ತಿದ್ದಾಗ ದೊಡ್ಡಣ್ಣನವರ ಫೋನ್ ಬಂತು. ಕೈ ಖಾಲಿ ಇಲ್ಲದ್ದರಿಂದ ಭಾನುಮತಿ ತೆಗೆದುಕೊಂಡು ಸ್ಪೀಕರಿಗೆ ಹಾಕಿದರು.

"ವೆಂಕಟಗಿರಿಯವರ, ಮುಂದಿನ ವರ್ಷದ ಮೇಳಕ್ಕ ನಾವು ಮತ್ತ ನಿಲ್ಲೋಣ ಅಂತ ಮಾಡೀವ್ರಿ! ಈ ಸಲ ತುಪ್ಪ ನಾವ ಜಾಸ್ತಿ ಹಾಕೋದು. ಮಹಾಬಲೇಶ್ವರ ಒಂದು ಚಲೋ ಸ್ಕೀಮ್ ತಂದಾರ. ಕಾಗದನೂ ಬ್ಯಾಡ, ಪ್ರಿಂಟರೂ ಬ್ಯಾಡ, ಎಲ್ಲಾ ಆ್ಯಪ್‌ನ್ಯಾಗ! ನಿಮ್ಮ ಅನುಭವ ಬೇಕ್ರಿ ನಮಗ."

ಹುಡುಗರು ತಿನ್ನುವುದನ್ನು ನಿಲ್ಲಿಸಿ ವೆಂಕಟಗಿರಿಯ ಕಡೆ ನೋಡಿದರು. ಅವರು ಮುಂದಿನ ತಟ್ಟೆಗೆ ಅನ್ನ ಹಾಕಿದರು.

"ಅವರು ಬಡಿಸ್ತಿದಾರೆ ಅಣ್ಣಾ," ಎಂದು ಭಾನುಮತಿ ಫೋನ್ ಇಟ್ಟರು.